ಗರ್ಭಚೀಲ ಜಾರಿದಾಗ: ವೈದ್ಯರ ಮಾರ್ಗಸೂಚಿಯನ್ನು ತೂಗಿ ನೋಡುವ ಬಗೆ



ಬೇಸಾಯದ ಪತ್ರಿಕೆಯಲ್ಲಿ ಗರ್ಭಚೀಲದ ಮಾತೇಕೆಂದು ಕೆಲವರು ಕೇಳಬಹುದು. ಕಳೆ ತೆಗೆಯುವುದು, ಮೆಕ್ಕೆಜೋಳದ ತೆನೆ ಮುರಿಯುವುದು, ಸೌದೆಯ ಹೊರೆ, ನೀರಿನ ಕೊಡ ಇವೆಲ್ಲ ನೀಲಗುಂದದ ಕಡೆ ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸಗಳು. ಹಲವು ಹೆರಿಗೆಗಳಾದ ಮೇಲೆ ಭಾರ ಹೊರುತ್ತ ಬಂದರೆ ಕೆಳಹೊಟ್ಟೆಯ ಅಂಗಗಳನ್ನು ಹಿಡಿದಿಟ್ಟಿರುವ ಸ್ನಾಯುಗಳು ಸಡಿಲಗೊಂಡು ಗರ್ಭಚೀಲವಾಗಲಿ ಮೂತ್ರಕೋಶವಾಗಲಿ ಕೆಳಗೆ ಜಾರುವುದುಂಟು. ನಾಚಿಕೆಯಿಂದ ವರ್ಷಗಟ್ಟಲೆ ಬಾಯಿ ಬಿಡದೆ ಕಡೆಗೆ ಆಸ್ಪತ್ರೆಗೆ ಹೋದಾಗ "ಚೀಲ ತೆಗೆಸಿಬಿಡಿ" ಎಂದರೆ, ಮನೆಯ ಯಜಮಾನರು ಸಾಲ ಮಾಡಿಯಾದರೂ ಒಪ್ಪಿಬಿಡುತ್ತಾರೆ.

ವೈದ್ಯರ ಸಲಹೆಗೆ ಆಧಾರವಾಗಿ ಚಿಕಿತ್ಸಾ ಮಾರ್ಗಸೂಚಿಗಳೆಂಬ ಬರಹಗಳಿವೆ. ಅವು ನಮ್ಮ ಬೇಸಾಯ ಕ್ರಮದ ಕೈಪಿಡಿಗಳಿದ್ದಂತೆ; ಎಲ್ಲವೂ ಒಂದೇ ತೂಕದವಲ್ಲ. ಬೀಜದ ಕಂಪನಿ ಹಂಚಿದ ಕಾಗದವನ್ನೂ, ಹಲವು ಹಂಗಾಮು ಪರೀಕ್ಷಿಸಿ ಬರೆದ ಶಿಫಾರಸನ್ನೂ ನೀವು ಒಂದೇ ಎಂದು ನಂಬುವುದಿಲ್ಲವಷ್ಟೆ.

ಮಾರ್ಗಸೂಚಿಗಳನ್ನು ಅಳೆಯಲು ತಜ್ಞರು ‘ಅಗ್ರೀ’ ಎಂಬ ಅಳತೆಗೋಲನ್ನು ಮಾಡಿದ್ದಾರೆ. (ಹೆಸರು ಹಾಗೆ ಕೇಳಿಸಿದರೂ ಕೃಷಿಗೂ ಅದಕ್ಕೂ ಸಂಬಂಧವಿಲ್ಲ.) 2010ರಲ್ಲಿ ಬಂದ ಅದರ ಎರಡನೆಯ ರೂಪದಲ್ಲಿ 23 ಪ್ರಶ್ನೆಗಳಿದ್ದು, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಬೇಕು. ಸಲಹೆಗೆ ಪರೀಕ್ಷೆಯ ಆಧಾರವಿದೆಯೆ? ರೋಗಿಗಳ ಮಾತನ್ನು ಕೇಳಿದರೆ? ಬರೆದವರಿಗೆ ಔಷಧಿ, ಸಾಧನ ಮಾರುವವರ ಹಣ ಸೇರಿದೆಯೆ? ಹೊಸದು ತಿಳಿದಾಗ ತಿದ್ದುವ ಏರ್ಪಾಡಿದೆಯೆ?

ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಕೂಡದು. ಜಾರಿದ ಅಂಗವನ್ನು ಎತ್ತಿ ಹಿಡಿಯಲು ಯೋನಿಯ ಮೂಲಕ ಕೂರಿಸುವ ಪ್ಲಾಸ್ಟಿಕ್ ಬಲೆಗೆ ಅಮೆರಿಕದ ಸರ್ಕಾರಿ ಇಲಾಖೆಯು 2002ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದೇ ಇಲಾಖೆ 2019ರ ಏಪ್ರಿಲ್‌ನಲ್ಲಿ ಅದರ ಮಾರಾಟವನ್ನು ನಿಲ್ಲಿಸಲು ಅಪ್ಪಣೆ ಮಾಡಿತು. ಆ ಬಲೆಯನ್ನು ಹೊಗಳುವ ಹಳೆಯ ಪುಸ್ತಕ ಇನ್ನು ಉಪಯೋಗಕ್ಕಿಲ್ಲ.

ಇಂಗ್ಲೆಂಡಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯು, ಜಾರಿಕೆ ಮೊದಲ ಎರಡು ಹಂತಗಳಲ್ಲಿದ್ದು ತೊಂದರೆ ಕೊಡುತ್ತಿದ್ದರೆ, ತರಬೇತಾದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ 16 ವಾರ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮವನ್ನು ಮೊದಲು ಮಾಡಿಸಬೇಕೆನ್ನುತ್ತದೆ. ಪೆಸರಿ ಎಂಬ ಬಳೆಯಂಥ ಸಾಧನವನ್ನು ಒಳಗೆ ಕೂರಿಸುವುದೂ ಒಂದು ದಾರಿ. ಮಲಬದ್ಧತೆ ನೀಗಬೇಕು, ಭಾರ ಎತ್ತುವುದನ್ನು ಕಡಿಮೆ ಮಾಡಬೇಕು ಎಂದೂ ಹೇಳಿದೆ. ಕೊನೆಯದನ್ನು ನಮ್ಮಲ್ಲಿ ನಡೆಸಬೇಕಾದರೆ ಸೌದೆಯ ಹೊರೆಗೆ ಗಂಡಸರೇ ತಲೆ ಕೊಡಬೇಕಾದೀತು! ಹೇಳಿದ್ದು ಊರಿನಲ್ಲಿ ನಡೆದೀತೆ ಎಂಬುದನ್ನೂ ಆ ಅಳತೆಗೋಲು ಕೇಳುತ್ತದೆ. ಬಹಳ ಮಾರ್ಗಸೂಚಿಗಳು ಅಂಕ ಕಳೆದುಕೊಳ್ಳುವುದು ಅಲ್ಲಿಯೇ.

2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ, ಹೊಟ್ಟೆನೋವು, ಬಿಳಿಸೆರಗಿನಂಥ ತೊಂದರೆಗಳಿಗೂ ಗರ್ಭಚೀಲ ತೆಗೆದರೆಂಬ ದೂರು ಎದ್ದು ವಿಚಾರಣೆಗಳಾದವು. ಬೇಡದ ಇಂಥ ಆಪರೇಷನ್ನುಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಆದೇಶಿಸಿತು.

ಆಪರೇಷನ್ ಎಂದಾಗಲೆಲ್ಲ ಸಂಶಯಪಡಿ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ಜಾರಿದವರಿಗೆ ಅದೇ ತಕ್ಕುದಿರಬಹುದು. ಆದರೆ ಚೀಲ ತೆಗೆದ ಮೇಲೂ ಮತ್ತೆ ಜಾರುವುದುಂಟು. ಆದ್ದರಿಂದ ಸಹಿ ಹಾಕುವ ಮುಂಚೆ "ಯಾವ ಹಂತದಲ್ಲಿದೆ? ವ್ಯಾಯಾಮ, ಪೆಸರಿಗಳಿಂದ ಆಗದೆ? ಅಂಡಾಶಯವನ್ನೂ ತೆಗೆಯುವಿರಾ? ಯಾವ ಮಾರ್ಗಸೂಚಿಯಂತೆ?" ಎಂದು ಹೆಂಗಸರೇ ಕೇಳಲಿ, ನೀವು ಜೊತೆಗಿರಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಾದರೆ ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮೂತ್ರ ಕಟ್ಟಿದರೆ, ರಕ್ತ ಹೋದರೆ ತಡಮಾಡದೆ ಕರೆದೊಯ್ಯತಕ್ಕದ್ದು. ಪೆಸರಿ ಹಾಕಿಸಿಕೊಂಡವರು ಅದನ್ನು ಮರೆತುಬಿಡದೆ ಆರು ತಿಂಗಳಿಗೆ ಒಮ್ಮೆಯಾದರೂ ತೆಗೆಸಿ ನೋಡಿಸಬೇಕು.