ತಣ್ಣನೆ ಪಿಂಗಾಣಿಯ ಹೂಗಳು



ಕಲಬುರಗಿಯ ಬೇಸಿಗೆಯನ್ನು ನಾನು ವರ್ಣಿಸಬೇಕಾದುದಿಲ್ಲ. ಖೂಬಾ ಪ್ಲಾಟಿನ ನಮ್ಮ ಮನೆಯಂಗಳದಲ್ಲಿ ತಾಯಿಯವರು ನೆಟ್ಟಿದ್ದ ಮಲ್ಲಿಗೆಯ ಬಳ್ಳಿಯು, ಅವರು ತೀರಿಕೊಂಡ ಮರುವರುಷದ ಬಿಸಿಲಿಗೆ ಒಣಗಿಹೋಯಿತು. ಆ ಹೂವಿನ ಆಕಾರವನ್ನಾದರೂ ಉಳಿಸಿಕೊಳ್ಳಬೇಕೆಂಬ ಆಶೆಯಿಂದ ನಾನು ಈ ಕೆಲಸವನ್ನು ಕಲಿತೆನು. ಕಲಿತುದನ್ನು ತಮ್ಮ ಮುಂದೆ ಇಡುತ್ತೇನೆ.

ನಿಜವಾದ ಪಿಂಗಾಣಿಯನ್ನು 1200 ಡಿಗ್ರಿಗೂ ಮೀರಿದ ಉರಿಯಲ್ಲಿ ಸುಡುವರು. ಇದಕ್ಕೆ ಅಂಥ ಆವಿಗೆ ಬೇಡ. ಗಾಳಿಗೆ ಒಣಗಿಯೇ ಗಟ್ಟಿಯಾಗುವದು. ಆದಕಾರಣ ಇದಕ್ಕೆ ತಣ್ಣನೆ ಪಿಂಗಾಣಿ ಎಂದು ಹೆಸರು. ಲ್ಯಾಟಿನ್ ಅಮೆರಿಕದ ಮನೆಗಳಲ್ಲಿ ಈ ಕಲೆಯು ಬಹಳ ಬಳಕೆಯಲ್ಲಿದೆ.

ಬೇಕಾದ ಸಾಮಗ್ರಿ: ಬಡಗಿಗಳು ಬಳಸುವ ಬಿಳಿಯ ಅಂಟು 1 ಬಟ್ಟಲು, ಕಾರ್ನ್‌ಫ್ಲೋರ್ 1 ಬಟ್ಟಲು, ಗ್ಲಿಸರಿನ್ 2 ದೊಡ್ಡ ಚಮಚ, ಸೋಸಿದ ನಿಂಬೆರಸ 1 ಚಮಚ. ಜೋಳದ ಹಿಟ್ಟಾಗಲಿ, ಬೀಸಿದ ಮೆಕ್ಕೆಜೋಳದ ಹಿಟ್ಟಾಗಲಿ ಆಗದು. ನುಣುಪಾದ ಬಿಳಿಯ ಪಿಷ್ಟವೇ ಬೇಕು. ಅಂಟಿನ ಮೂಲವಸ್ತುವಾದ ಪಾಲಿವಿನೈಲ್ ಅಸಿಟೇಟನ್ನು ಜರ್ಮನಿಯ ಫ್ರಿಟ್ಸ್ ಕ್ಲಾಟೆ ಎಂಬವರು 1912ರಲ್ಲಿ ಕಂಡುಹಿಡಿದರು. ಗ್ಲಿಸರಿನ್ ಮೃದುತ್ವವನ್ನು ಕೊಡುವದು. ನಿಂಬೆರಸವು ಬೂಷ್ಟು ಹಿಡಿಯದಂತೆ ತಡೆಯುವದು.

ಎಲ್ಲವನ್ನೂ ಗಂಟಿಲ್ಲದಂತೆ ಕಲಸಿ, ಹಳೆಯ ಪಾತ್ರೆಯೊಂದರಲ್ಲಿ ಸಣ್ಣ ಉರಿಯ ಮೇಲಿಟ್ಟು ಬಿಡದೆ ತಿರುವಬೇಕು. ಕಾವಿಗೆ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬುವವು. ಮಿಶ್ರಣವು ಪಾತ್ರೆಯ ಬದಿಯನ್ನು ಬಿಟ್ಟು ಮುದ್ದೆಯಾಗುವದು. ಕೂಡಲೇ ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು, ಬಿಸಿಯಿರುವಾಗಲೇ ನಾದತಕ್ಕದ್ದು. ರೊಟ್ಟಿಯ ಹಿಟ್ಟನ್ನು ನಾದಿ ಬಲ್ಲ ನಮ್ಮ ಕೈಗಳಿಗೆ ಇದು ಹೊಸ ವಿದ್ಯೆಯಲ್ಲ. ಬಳಿಕ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಒಂದು ದಿನ ಇಡಬೇಕು. ಆ ಪಾತ್ರೆಯನ್ನು ಮರಳಿ ಅಡಿಗೆಗೆ ಉಪಯೋಗಿಸಲಾಗದು. ಒಣಗಿದ ಮೇಲೆ ಈ ಮುದ್ದೆಯು ಮಬ್ಬುಗಾಜಿನಂತೆ ಕಾಣುವದರಿಂದ, ಬಿಳಿಯ ಹೂವಿಗೆ ನಾದುವಾಗಲೇ ತುಸು ಬಿಳಿಯ ಬಣ್ಣವನ್ನು ಬೆರೆಸತಕ್ಕದ್ದು.

ಪೇಟೆಯ ಉಪಕರಣಗಳಿಲ್ಲವೆಂದು ಯಾರೂ ಹಿಂಜರಿಯಬಾರದು. ಮಲ್ಲಿಗೆಗೆ ಕತ್ತರಿ, ಚೂಪಾದ ಪೆನ್ಸಿಲು ಸಾಕು. ಕಡಲೆಯಷ್ಟು ಮುದ್ದೆಯನ್ನು ಉದ್ದನೆಯ ಹನಿಯಂತೆ ಹೊಸೆದು, ದಪ್ಪ ತುದಿಯಲ್ಲಿ ಪೆನ್ಸಿಲಿನಿಂದ ಕುಳಿ ಮಾಡಿ, ಅಂಚನ್ನು ಆರು ಕಡೆ ಸೀಳಬೇಕು. ಪ್ರತಿಯೊಂದು ಸೀಳನ್ನು ಬೆರಳುಗಳ ನಡುವೆ ಒತ್ತಿದರೆ ದಳವಾಗುವದು. ಅಂಟು ಹಚ್ಚಿದ ಸಣ್ಣ ತಂತಿಯೇ ತೊಟ್ಟು. ಎಲೆಗಾಗಿ ಹಸುರು ಬಣ್ಣ ಬೆರೆಸಿದ ಮುದ್ದೆಯನ್ನು ಲಟ್ಟಣಿಗೆಯಿಂದ ತೆಳುವಾಗಿ ಲಟ್ಟಿಸಿ, ನಿಜವಾದ ಗುಲಾಬಿ ಎಲೆಯ ಬೆನ್ನನ್ನು ಅದರ ಮೇಲೆ ಒತ್ತಬೇಕು. ನರಗಳು ತಾವಾಗಿಯೇ ಮೂಡುವವು. ಹೂಗಳನ್ನು ಜೋಳ ತುಂಬಿದ ಲೋಟದಲ್ಲಿ ಚುಚ್ಚಿ ಎರಡು ಮೂರು ದಿನ ನೆರಳಿನಲ್ಲಿ ಒಣಗಿಸಬೇಕು.

ನನ್ನ ಮೊದಲ ಹೂಗಳೆಲ್ಲವೂ ಬಿರಿದುಹೋದವು. ಮೇ ತಿಂಗಳ ಮಧ್ಯಾಹ್ನ, ಪಂಖದ ಕೆಳಗೆ ಕುಳಿತು ಮಾಡಿದ್ದೇ ತಪ್ಪು. ನೀರು ಆರಿದಂತೆ ಹೂವು ಕುಗ್ಗುವದು. ಹೊರಮೈ ಬೇಗನೆ ಒಣಗಿ, ಒಳಮೈ ಹಸಿಯಾಗಿ ಉಳಿದರೆ ಬಿರುಕು ಬಿಡುವದು. ಈಗ ಬೆಳಗಿನ ತಂಪಿನಲ್ಲಿಯೇ ಮಾಡುತ್ತೇನೆ. ಉಳಿದ ಮುದ್ದೆಯ ಮೇಲೆ ಒದ್ದೆಯ ಬಟ್ಟೆ ಮುಚ್ಚಿರುತ್ತೇನೆ. ಒಣಗಿದ ಹೂವಿಗೂ ನೀರು ತಗಲಬಾರದು, ಮೆತ್ತಗಾಗುವದು.

ಈ ಹೂವಿಗೆ ಪರಿಮಳವಿಲ್ಲ. ಆದರೆ ತಾಯಿಯವರು ನಿತ್ಯವೂ ಕಟ್ಟುತ್ತಿದ್ದ ಮಲ್ಲಿಗೆಗೆ ದಳಗಳೆಷ್ಟೆಂಬುದನ್ನು, ಅದನ್ನು ಮಾಡಲು ಕುಳಿತಾಗಲೇ ನಾನು ಮೊದಲು ಎಣಿಸಿದೆನು. ಮುಂದಿನ ಕೂಟಕ್ಕೆ ಬರುವಾಗ ತಾವೂ ತಮ್ಮ ಕೈಯ ಹೂವೊಂದನ್ನು ತರುವಿರೆಂದು ನಂಬಿರುತ್ತೇನೆ.