ಪೆಟ್ಟಿಗೆ ಸಿದ್ಧ, ಪ್ರಾಣಪ್ರತಿಷ್ಠೆ ಬಾಕಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಮದರ್‌ಬೋರ್ಡು ಒಂದು ಕಡೆ, ರ‍್ಯಾಮ್ ಇನ್ನೊಂದು ಕಡೆ, ಕ್ಯಾಬಿನೆಟ್ಟು ಮತ್ತೊಂದು ಕಡೆ ಎಂದು ಚೌಕಾಸಿ ಮಾಡಿ ತಂದು, ಎರಡು ರಾತ್ರಿ ಸ್ಕ್ರೂಡ್ರೈವರ್ ಹಿಡಿದು ಕೂತು ಜೋಡಿಸಿದ ಕಂಪ್ಯೂಟರು ಮೇಜಿನ ಮೇಲೆ ಸಿದ್ಧವಾಗಿದೆ ಎನ್ನಿ. ಮನೆಮಂದಿಯೆಲ್ಲ ಸುತ್ತ ನಿಂತಿದ್ದಾರೆ. ಗುಂಡಿ ಒತ್ತಿದ್ದಾಯಿತು. ಫ್ಯಾನು ತಿರುಗಿತು, ದೀಪ ಹತ್ತಿತು, ಮದರ್‌ಬೋರ್ಡ್ ಕಂಪನಿಯ ಲಾಂಛನ ಮಿಂಚಿ ಮಾಯವಾಯಿತು. ಆಮೇಲೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಬೂಟ್ ಮಾಡಬಲ್ಲ ಸಾಧನ ಯಾವುದೂ ಸಿಕ್ಕಿಲ್ಲ! ಇಷ್ಟೊಂದು ದುಡ್ಡು ಸುರಿದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತೇ ಎಂದು ಅಪ್ಪನ ಮುಖ ಸಣ್ಣದಾಗುವುದು ಸಹಜ.

ಆದರೆ ಆ ಸಾಲು ನಿಜಕ್ಕೂ ಶುಭಸಮಾಚಾರ. ಪ್ರೊಸೆಸರ್, ರ‍್ಯಾಮ್, ಮಾನಿಟರ್ ತಂತಿ ಇವುಗಳಲ್ಲಿ ಯಾವುದೊಂದು ಸರಿಯಾಗಿ ಕೂರದಿದ್ದರೂ ಪರದೆಯ ಮೇಲೆ ಅಕ್ಷರವೇ ಮೂಡುತ್ತಿರಲಿಲ್ಲ. ಮದರ್‌ಬೋರ್ಡಿನ ಒಂದು ಪುಟ್ಟ ಚಿಪ್‌ನಲ್ಲಿ ಕಾರ್ಖಾನೆಯಲ್ಲೇ ಬರೆದಿಟ್ಟ ಪ್ರೋಗ್ರಾಂ ಇರುತ್ತದೆ. ಹಳಬರ ಬಾಯಲ್ಲಿ ಅದು ಬಯೋಸ್. ಈಗಿನದರ ಹೆಸರು ಯುಇಎಫ್‌ಐ. ವಿದ್ಯುತ್ ಹರಿದೊಡನೆ ಅದು ಎಚ್ಚೆತ್ತು, ಮೇಷ್ಟರು ಹಾಜರಿ ಕೂಗುವಂತೆ ಒಂದೊಂದು ಭಾಗವನ್ನೂ ವಿಚಾರಿಸಿಕೊಂಡು, ಕೊನೆಗೆ 'ಇನ್ನು ಈ ಮನೆಯ ಯಜಮಾನಿಕೆ ವಹಿಸಿಕೊಳ್ಳುವವರು ಯಾರು' ಎಂದು ಡಿಸ್ಕಿನಲ್ಲಿ ಹುಡುಕುತ್ತದೆ. ಹೊಸ ಡಿಸ್ಕು ಖಾಲಿ. ಉತ್ತರ ಬರುವುದಿಲ್ಲ. ಆ ಯಜಮಾನನೇ ಆಪರೇಟಿಂಗ್ ಸಿಸ್ಟಂ, ಪಠ್ಯಪುಸ್ತಕದ ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ.

ಎಲ್ಲ ಕಾಲದಲ್ಲೂ ಹೀಗಿರಲಿಲ್ಲ. ಶಾಲೆಗಳಲ್ಲಿ ಕಂಪ್ಯೂಟರ್ ತಿಳಿವಳಿಕೆ ಮೂಡಿಸಲು ಕೇಂದ್ರ ಸರ್ಕಾರ 1984ರಲ್ಲಿ ಆರಂಭಿಸಿದ 'ಕ್ಲಾಸ್' ಯೋಜನೆಯಲ್ಲಿ ಮಕ್ಕಳ ಮುಂದೆ ಬಂದದ್ದು ಬಿಬಿಸಿ ಮೈಕ್ರೋ ಎಂಬ ಯಂತ್ರ. ಅದರ ಆಪರೇಟಿಂಗ್ ಸಿಸ್ಟಮ್ಮೂ ಬೇಸಿಕ್ ಭಾಷೆಯೂ ಚಿಪ್‌ನಲ್ಲೇ ಅಡಕವಾಗಿದ್ದವು. ಸ್ವಿಚ್ಚು ಹಾಕಿದ ಕ್ಷಣವೇ ಪ್ರೋಗ್ರಾಂ ಬರೆಯಬಹುದಿತ್ತು. ಡಿಸ್ಕಿನಿಂದ ಯಜಮಾನನನ್ನು ಕರೆತರುವ ಪದ್ಧತಿ ಮನೆಮನೆಗೆ ಬಂದದ್ದು ಪಿ.ಸಿ.ಗಳ ಜೊತೆಗೆ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಫ್ಲಾಪಿಗಳಲ್ಲಿ ಬೇಕೆಂದವರಿಗೆ 13 ಫ್ಲಾಪಿಗಳ ಕಟ್ಟಾಗಿ ಸಿಗುತ್ತಿತ್ತು. ಹನ್ನೆರಡನೆಯದು ಕೈಕೊಟ್ಟರೆ ಹಣೆಬರಹ! ಆ ಕಷ್ಟ ಈಗಿನ ಹುಡುಗರಿಗಿಲ್ಲ, ಒಂದು ಪೆನ್ ಡ್ರೈವ್ ಸಾಕು. ಈಗಿನ ಕಷ್ಟವೇ ಬೇರೆ.

ಅಂಗಡಿಯವನ 'ಫ್ರೀ' ಉಡುಗೊರೆ

'ವಿಂಡೋಸ್ ಫ್ರೀಯಾಗಿ ಹಾಕಿ ಕೊಡ್ತೀವಿ ಸಾರ್, ಆಫೀಸೂ ಹಾಕಿರ‍್ತೀವಿ.' ಬಿಡಿಭಾಗ ಮಾರುವ ಬೀದಿಗಳಲ್ಲಿ ಈ ಮಾತು ಕೇಳದವರು ಕಡಿಮೆ. ಸಾವಿರಾರು ರೂಪಾಯಿ ಬೆಲೆಯ ಲೈಸೆನ್ಸನ್ನು ಯಾರೂ ಧರ್ಮಕ್ಕೆ ಕೊಡುವುದಿಲ್ಲ ಎಂಬುದು ಕೊಳ್ಳುವವರಿಗೂ ಗೊತ್ತು. ಆದರೂ ತಲೆಯಾಡಿಸುತ್ತಾರೆ. ಇಂಥ ಪ್ರತಿಗಳನ್ನು ಅಸಲಿಯಂತೆ ತೋರಿಸಲು 'ಆ್ಯಕ್ಟಿವೇಟರ್' ಎಂಬ ಕಳ್ಳ ಪ್ರೋಗ್ರಾಂ ಓಡಿಸುತ್ತಾರೆ. ಅದನ್ನು ಓಡಿಸುವ ಮೊದಲು ವೈರಸ್ ಕಾವಲನ್ನು ಆರಿಸಬೇಕಾಗುತ್ತದೆ, ಇಲ್ಲವಾದರೆ ಕಾವಲು ಅದನ್ನೇ ಹಿಡಿದುಹಾಕುತ್ತದೆ. ಅಂದರೆ ಊರು ಪೇರು ತಿಳಿಯದವನೊಬ್ಬ ಬರೆದ ಪ್ರೋಗ್ರಾಮಿಗೆ, ಬಾಗಿಲ ಕಾವಲಿನವನನ್ನು ಕಳಿಸಿಬಿಟ್ಟು, ಮನೆಯ ಎಲ್ಲ ಕೋಣೆಗಳ ಬೀಗದ ಕೈ ಒಪ್ಪಿಸಿದ ಹಾಗೆ. ಮಗಳು ಪ್ರಾಜೆಕ್ಟ್ ಬರೆಯುವ ಅದೇ ಯಂತ್ರದಲ್ಲಿ ಅಪ್ಪ ಸಂಜೆ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತಾರೆ. ಒತ್ತಿದ ಕೀಲಿಗಳನ್ನು ಬೇರೊಬ್ಬರು ಎಣಿಸುತ್ತಿದ್ದರೆ ತಿಳಿಯುವುದು ಹೇಗೆ?

ಇಂಥ ಪ್ರತಿಗಳಲ್ಲಿ ಅಪ್‌ಡೇಟುಗಳನ್ನು ನಿಲ್ಲಿಸಿಬಿಡುವ ಚಾಳಿ ಇನ್ನೊಂದು. ಅದರ ಬೆಲೆ ಎಷ್ಟೆಂಬುದನ್ನು ಜಗತ್ತು 2017ರಲ್ಲಿ ಕಂಡಿತು. ವಿಂಡೋಸಿನ ಒಂದು ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ಅದೇ ರಂಧ್ರದ ಮೂಲಕ ನುಗ್ಗಿ, ತೇಪೆ ಹಾಕಿಕೊಳ್ಳದ ಲಕ್ಷಾಂತರ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಅದರಲ್ಲಿ ಸಿಕ್ಕಿಬಿದ್ದವು. ಇನ್ನು ಕಾನೂನಿನ ಮಾತು. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಸೇರಿಸಿದ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ. 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ ಸಜೆ ವಿಧಿಸದೆ ದಂಡದಲ್ಲೇ ಬಿಡುವ ಅವಕಾಶ ನ್ಯಾಯಾಲಯಕ್ಕಿದೆ. ಮನೆಬಳಕೆದಾರರ ಬಾಗಿಲಿಗೆ ಪೊಲೀಸರು ಬರುವುದಿಲ್ಲ ಎಂಬ ಧೈರ್ಯವೇನೋ ಎಲ್ಲರಿಗೂ ಇದೆ. ಮಗ ಮುಂದೆ ತಂತ್ರಾಂಶ ಬರೆದೇ ಅನ್ನ ಸಂಪಾದಿಸಬೇಕೆಂದು ಆಸೆಪಡುವ ಮನೆಯಲ್ಲಿ ಮೊದಲ ತಂತ್ರಾಂಶವೇ ಕದ್ದ ಮಾಲಾದರೆ ಹೇಗೆ ಎಂಬುದನ್ನು ಮಾತ್ರ ಅಪ್ಪ ಅಮ್ಮಂದಿರೇ ಯೋಚಿಸಬೇಕು.

ಪ್ರಾಮಾಣಿಕ ದಾರಿಗಳು ಎರಡಿವೆ. ಭಾಗಗಳ ಪಟ್ಟಿ ಬರೆಯುವಾಗಲೇ ವಿಂಡೋಸ್ ಲೈಸೆನ್ಸಿನ ಹಣವನ್ನೂ ಸೇರಿಸಿಕೊಳ್ಳುವುದು ಒಂದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಸೌಕರ್ಯ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ದುಡ್ಡು ಉಳಿಸಲು ಹಳೆಯ ಪ್ರೊಸೆಸರ್ ಕೊಂಡವರು ಇಲ್ಲೇ ಎಡವುವುದು. 'ಹಾಗಾದರೆ ವಿಂಡೋಸ್ 10 ಹಾಕೋಣ' ಎನ್ನುವ ಅಂಗಡಿಯವರಿದ್ದಾರೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಇನ್ನೊಂದು ದಾರಿ ಲಿನಕ್ಸ್. ಉಬುಂಟು, ಮಿಂಟ್, ಡೆಬಿಯನ್ ಎಂದು ಹಲವು ರೂಪಗಳು, ಯಾವುದಕ್ಕೂ ಕಾಸು ಕೊಡಬೇಕಿಲ್ಲ, ಹತ್ತು ಜನರಿಗೆ ಹಂಚಿದರೂ ತಪ್ಪಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುವುದು ಇದರ ಮೇಲೆಯೇ. ಸಿ, ಪೈಥಾನ್ ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಇಲ್ಲ. ಆದರೆ ಆಟೋಕ್ಯಾಡ್ ಇದರಲ್ಲಿ ಓಡುವುದಿಲ್ಲ, ಆನ್‌ಲೈನ್ ಆಟಗಳಲ್ಲಿ ಕೆಲವು ಜಪ್ಪಯ್ಯ ಅಂದರೂ ಓಡುವುದಿಲ್ಲ. ಕಾಲೇಜಿನಲ್ಲಿ ಏನು ಬೇಕಾಗುತ್ತದೆಂದು ಕೇಳಿಕೊಂಡು ತೀರ್ಮಾನಿಸುವುದು ಜಾಣತನ. ಲಿನಕ್ಸಿನ ಒಂದು ಅನುಕೂಲವೆಂದರೆ, ಪೆನ್ ಡ್ರೈವಿನಿಂದಲೇ ಅದನ್ನು ಓಡಿಸಿ ನೋಡಬಹುದು, ಡಿಸ್ಕನ್ನು ಮುಟ್ಟುವುದೇ ಬೇಡ. ಹೊಸ ಯಂತ್ರದ ಧ್ವನಿ, ವೈ-ಫೈ, ಪರದೆ ಎಲ್ಲ ನೆಟ್ಟಗಿವೆಯೇ ಎಂಬ ಪರೀಕ್ಷೆಯೂ ಇದರಲ್ಲೇ ಆಗಿಹೋಗುತ್ತದೆ.

ಪೆನ್ ಡ್ರೈವ್ ಸಿದ್ಧಪಡಿಸಲು ಓಡುತ್ತಿರುವ ಇನ್ನೊಂದು ಕಂಪ್ಯೂಟರು ಬೇಕು. ಗೆಳೆಯನ ಮನೆಯದಾದರೂ ಆದೀತು. 8 ಜಿಬಿಯದು ಸಾಕು, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆಂಬುದು ನೆನಪಿರಲಿ. ವಿಂಡೋಸಿಗೆ ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುವ ಮೀಡಿಯಾ ಕ್ರಿಯೇಷನ್ ಟೂಲ್, ಲಿನಕ್ಸಿಗೆ ಐಎಸ್‌ಒ ಕಡತ ಮತ್ತು ಅದನ್ನು ಬರೆಯುವ ರೂಫಸ್‌ನಂಥ ಪ್ರೋಗ್ರಾಂ. ಐಎಸ್‌ಒ ಕಡತವನ್ನು ಸುಮ್ಮನೆ ಎಳೆದು ಪೆನ್ ಡ್ರೈವಿಗೆ ಹಾಕಿದರೆ ಯಂತ್ರ ಅದರಿಂದ ಏಳುವುದಿಲ್ಲ. ಹೊಸಬರು ಅರ್ಧ ದಿನ ಕಳೆದುಕೊಳ್ಳುವುದು ಇಲ್ಲಿಯೇ. ಲಿನಕ್ಸ್ ತಾಣಗಳಲ್ಲಿ ಕಡತದ ಪಕ್ಕದಲ್ಲಿ 64 ಅಕ್ಷರ ಅಂಕಿಗಳ ಒಂದು ಸರಪಣಿ ಕೊಟ್ಟಿರುತ್ತಾರೆ. ಅದು ಕಡತದ ಬೆರಳಚ್ಚು. ಇಳಿಸಿಕೊಂಡ ಪ್ರತಿಯಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳು ಇದನ್ನೊಮ್ಮೆ ತಾವೇ ಹೋಲಿಸಿ ನೋಡಲಿ.

ಇನ್ನು ಹೊಸ ಯಂತ್ರ. ಗುಂಡಿ ಒತ್ತಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು ತಟ್ಟುತ್ತಿದ್ದರೆ ಯುಇಎಫ್‌ಐ ಪರದೆ ತೆರೆದುಕೊಳ್ಳುತ್ತದೆ. ಗಡಿಬಿಡಿ ಮಾಡದೆ ಅಲ್ಲಿ ಐದು ನಿಮಿಷ ನಿಲ್ಲಿ. 16 ಜಿಬಿ ರ‍್ಯಾಮಿಗೆ ದುಡ್ಡು ಕೊಟ್ಟಿದ್ದರೆ 16 ತೋರಿಸುತ್ತಿದೆಯೇ? ಡಿಸ್ಕಿನ ಹೆಸರು ಕಾಣುತ್ತಿದೆಯೇ? ಪ್ರೊಸೆಸರಿನ ಬಿಸಿ ಏರುತ್ತಲೇ ಹೋಗುತ್ತಿದೆಯೇ? ಹಾಗಿದ್ದರೆ ಅದರ ಮೇಲಿನ ಫ್ಯಾನು ಸರಿಯಾಗಿ ಕೂತಿಲ್ಲ ಎಂದರ್ಥ. ಟಿಪಿಎಂ ಇಲ್ಲಿ ಇಂಟೆಲ್ ಯಂತ್ರವಾದರೆ ಪಿಟಿಟಿ, ಎಎಂಡಿಯಾದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಯುಇಎಫ್‌ಐಯನ್ನೇ ಅಪ್‌ಡೇಟ್ ಮಾಡುವ ಉತ್ಸಾಹವಿದ್ದರೆ ಯುಪಿಎಸ್ ಇರಲಿ; ಅದರ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಕಲ್ಲಾಗಬಹುದು. ಆಪರೇಟಿಂಗ್ ಸಿಸ್ಟಂ ಹಾಕುವಾಗ ಕರೆಂಟು ಹೋದರೆ ಅಂಥ ಅನಾಹುತವಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರಾಯಿತು.

ಎದೆ ಗಟ್ಟಿಯಿರಬೇಕಾದ ಪರದೆ

ಭಾಷೆ, ಕೀಲಿಮಣೆ ಎಂದು ಕೇಳುತ್ತ ಹೋಗುವ ಪರದೆಗಳ ನಡುವೆ ಒಂದು ಪರದೆ ಮಾತ್ರ ಉಳಿದವುಗಳಂತಲ್ಲ. ಎಲ್ಲಿ ಹಾಕಲಿ ಎಂದು ಅದು ಕೇಳುತ್ತದೆ. ಡ್ರೈವ್ 0, ಡ್ರೈವ್ 1 ಎಂಬ ಹೆಸರುಗಳು ಕಾಣುತ್ತವೆ. ಡಿಸ್ಕು ಒಂದೇ ಇದ್ದು ಅದೂ ಹೊಸದಾದರೆ ಅಂಜಿಕೆಯಿಲ್ಲ. ಆದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಹಳೆಯ ಕಂಪ್ಯೂಟರಿನ ಹಾರ್ಡ್‌ಡಿಸ್ಕನ್ನೂ ಇದರಲ್ಲೇ ಸಿಕ್ಕಿಸಿರುತ್ತಾರೆ. ಅಕ್ಕನ ಮದುವೆಯ ಫೋಟೋಗಳು, ತೀರಿಕೊಂಡ ಅಜ್ಜಿಯ ಧ್ವನಿ, ಅಮ್ಮ ಹತ್ತು ವರ್ಷ ಬರೆದಿಟ್ಟ ಮನೆಖರ್ಚಿನ ಲೆಕ್ಕ ಎಲ್ಲವೂ ಅದರಲ್ಲಿ. ಪರದೆಯ ಮೇಲೆ ಎರಡು ಡಿಸ್ಕುಗಳಿಗೂ ಮುಖವಿಲ್ಲ, ಬರೀ ಸಂಖ್ಯೆ. ಬೆರಳು ಒಂದು ಸಾಲು ಕೆಳಗೆ ಜಾರಿದರೆ ಮುಗಿಯಿತು.

ಜಾಣರಿಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರ ಜನವರಿಯಲ್ಲಿ ಕಂತಿನ ಮೇಲೆ ಒಂದು 386 ಕಂಪ್ಯೂಟರ್ ಕೊಂಡ. ಆಗ ಅವನಿಗೆ 21 ವರ್ಷ. ಪಾಠಕ್ಕೆಂದು ರಚಿತವಾದ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಅದರಲ್ಲಿ ಹಾಕಿಕೊಂಡು, ಅದರ ಕೊರತೆಗಳನ್ನು ನೋಡಿ ತನ್ನದೇ ಆದೊಂದನ್ನು ಬರೆಯತೊಡಗಿದ. ಒಮ್ಮೆ ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಕರೆ ಮಾಡಲು ಹೋಗಿ, ಮೋಡೆಮ್ ಹೆಸರಿನ ಜಾಗದಲ್ಲಿ ಹಾರ್ಡ್‌ಡಿಸ್ಕಿನ ಹೆಸರು ಕೊಟ್ಟುಬಿಟ್ಟ. ಡಯಲ್ ಮಾಡುವ ಆದೇಶಗಳು ಡಿಸ್ಕಿನ ಮೇಲೇ ಹೋಗಿ ಕೂತವು. ಮಿನಿಕ್ಸ್ ಇದ್ದ ಭಾಗ ಹಾಳಾಯಿತು. ಮತ್ತೆ ಮಿನಿಕ್ಸ್ ಹಾಕುವ ಬದಲು ತನ್ನದನ್ನೇ ಮುಂದುವರಿಸುವ ನಿರ್ಧಾರ ಮಾಡಿದ. ಅದೇ ಲಿನಕ್ಸ್. ಅವನ ನಷ್ಟ ಲೋಕಕ್ಕೆ ಲಾಭವಾಯಿತು, ಸರಿ. ಅಜ್ಜಿಯ ಧ್ವನಿ ಅಳಿಸಿಹೋದರೆ ಯಾರಿಗೂ ಲಾಭವಿಲ್ಲ.

ಉಪಾಯ ಸರಳ. ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ ಕಿತ್ತು, ಹಳೆಯ ಡಿಸ್ಕಿನ ತಂತಿಯನ್ನು ಬಿಚ್ಚಿಡಿ. ಕಣ್ಣಿಗೆ ಕಾಣದ ಡಿಸ್ಕನ್ನು ಯಾರೂ ಅಳಿಸಲಾರರು. ಎಲ್ಲ ಮುಗಿದ ಮೇಲೆ ಮತ್ತೆ ಜೋಡಿಸಿದರಾಯಿತು. ಇದರಿಂದ ಇನ್ನೊಂದು ಲಾಭವುಂಟು: ಎರಡು ಡಿಸ್ಕುಗಳಿದ್ದಾಗ ವಿಂಡೋಸ್ ಒಮ್ಮೊಮ್ಮೆ ತಾನು ಏಳಲು ಬೇಕಾದ ಕಡತಗಳನ್ನು ಹಳೆಯ ಡಿಸ್ಕಿನಲ್ಲಿಟ್ಟು ಬಿಡುತ್ತದೆ, ಮುಂದೆಂದೋ ಆ ಮುದಿ ಡಿಸ್ಕು ಸತ್ತರೆ ಹೊಸದೂ ಏಳುವುದಿಲ್ಲ. ಸಿ, ಡಿ, ಇ ಎಂದು ಒಂದೇ ಡಿಸ್ಕನ್ನು ಅಣ್ಣತಮ್ಮಂದಿರ ಜಮೀನಿನಂತೆ ಪಾಲು ಮಾಡುವುದು ನಮ್ಮವರ ಹಳೆಯ ಅಭ್ಯಾಸ. ಮಾಡಬಹುದು, ಸಿಸ್ಟಂ ಮತ್ತೆ ಹಾಕುವಾಗ ಅನುಕೂಲವೇ. ಆದರೆ 'ಡಿ'ಯಲ್ಲಿಟ್ಟ ಪ್ರತಿ ಭದ್ರ ಎಂಬುದು ಭ್ರಮೆ. ಡಿಸ್ಕು ಸತ್ತಾಗ ಸಿ, ಡಿ ಎರಡೂ ಒಟ್ಟಿಗೇ ಹೋಗುತ್ತವೆ.

ಮುಂದಿನದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ನಡುವೆ ಯಂತ್ರ ತಾನಾಗಿ ಆರಿ ಹೊತ್ತಿಕೊಂಡಾಗ ಮತ್ತೆ ಅದೇ ಮೊದಲ ಪರದೆ ಬಂದರೆ ಹೆದರಬೇಡಿ. ಪೆನ್ ಡ್ರೈವಿನಿಂದಲೇ ಮತ್ತೆ ಎದ್ದಿದೆ ಅಷ್ಟೆ. ಅದನ್ನು ಕಿತ್ತು ಮತ್ತೊಮ್ಮೆ ಶುರು ಮಾಡಿ. ವಿಂಡೋಸ್ 11ರ ಹೋಮ್ ಆವೃತ್ತಿ ಈ ಹಂತದಲ್ಲಿ ಇಂಟರ್ನೆಟ್ ಬೇಕೆಂದು ಹಟ ಹಿಡಿಯುತ್ತದೆ. ಹೊಸ ಮದರ್‌ಬೋರ್ಡಿನ ವೈ-ಫೈಗೆ ಬೇಕಾದ ಡ್ರೈವರ್ ಅದರಲ್ಲಿ ಇಲ್ಲದಿದ್ದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಡ್ರೈವರ್ ಇಲ್ಲ! ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಫೋನಿನಲ್ಲಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಈ ಗಂಟು ಬಿಡುತ್ತದೆ.

ಕನ್ನಡಕ್ಕೆ ಹೊರಗಿನಿಂದ ಏನನ್ನೂ ತಂದು ಹಾಕಬೇಕಾಗಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಕಾಲದಲ್ಲೇ 'ತುಂಗಾ' ಅಕ್ಷರಗಳು ಜೊತೆಗೆ ಬಂದವು. ಈಗ ವಿಂಡೋಸ್, ಲಿನಕ್ಸ್ ಎರಡರಲ್ಲೂ ಕನ್ನಡ ಕೀಲಿಮಣೆ ಒಳಗೇ ಇದೆ, ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಸಾಕು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಕಲಿತವರಿಗೆ ಲಿನಕ್ಸಿನ ಪಟ್ಟಿಯಲ್ಲಿ ಅದು 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ.

ಕೊನೆಯದಾಗಿ ಒಂದು ಕಾಗದದ ವಿಷಯ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ, ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಒಳಹೊಕ್ಕರೆ, ಡಿಸ್ಕಿನಲ್ಲಿರುವುದೆಲ್ಲ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಕಳ್ಳನ ಕೈಗೆ ಸಿಕ್ಕರೂ ಓದಲಾಗದು, ಒಳ್ಳೆಯದೇ. ಆದರೆ ನಾಳೆ ಮದರ್‌ಬೋರ್ಡ್ ಬದಲಿಸಿದಾಗ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಿದರೆ, ಆ ಸಂಖ್ಯೆಯಿಲ್ಲದೆ ಯಜಮಾನರಿಗೂ ಬಾಗಿಲು ತೆರೆಯುವುದಿಲ್ಲ. ಸಂಖ್ಯೆ ಆ ಖಾತೆಯಲ್ಲಿರುತ್ತದೆ. ಖಾತೆ ತೆರೆದದ್ದು ಮಗ, ಪಾಸ್‌ವರ್ಡ್ ಅವನ ತಲೆಯಲ್ಲಿ, ಅವನು ಹಾಸ್ಟೆಲಿನಲ್ಲಿ. ಹಾಕಿದ ದಿನವೇ ಆ 48 ಅಂಕಿಗಳನ್ನು ಹಾಳೆಯಲ್ಲಿ ಬರೆದು, ಬಿಲ್ಲು ಮತ್ತು ವಾರಂಟಿ ಚೀಟಿಗಳ ಜೊತೆ ಬೀರುವಿನಲ್ಲಿ ಮನೆಪತ್ರ ಇಡುವ ಖಾನೆಯಲ್ಲೇ ಇಡಿ.