ಕಣ್ಣು, ಮಿದುಳು, ನರ: ಮನೆಯವರು ತಿಳಿದಿರತಕ್ಕ ಕೆಲವು ಸಂಗತಿಗಳು

ಮನೆಯಲ್ಲಿ ಯಾರಿಗಾದರೂ ಕಣ್ಣು ಮಂಜಾಯಿತೆಂದರೆ ನಮಗೆ ಒಡನೆ ತೋರುವ ಕಾರಣಗಳು ಎರಡೇ. ವಯಸ್ಸಾದವರಾದರೆ ಪೊರೆ ಬಂದಿದೆಯೆನ್ನುವೆವು. ಎಳೆಯರಾದರೆ ಕನ್ನಡಕ ಬೇಕೆನ್ನುವೆವು. ಬಹುಮಟ್ಟಿಗೆ ಈ ಊಹೆ ಸರಿಯೇ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿದ ಕಾಲದಿಂದ, ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದೆಂಬ ಸಂಗತಿಯು ಕನ್ನಡನಾಡಿನ ಹಳ್ಳಿಗಳಿಗೂ ತಿಳಿದಿದೆ. ಆದರೆ ಪೊರೆಯೂ ಅಲ್ಲದ, ಕನ್ನಡಕದಿಂದಲೂ ನೀಗದ ಕಣ್ಣಿನ ತೊಂದರೆಗಳು ಕೆಲವುಂಟು. ಅವುಗಳ ಮೂಲವು ಕಣ್ಣಿನಲ್ಲಿರದೆ, ಅದರ ಹಿಂದಿರುವ ನರದಲ್ಲಿಯೋ, ಮಿದುಳಿನಲ್ಲಿಯೋ, ನರವು ಸ್ನಾಯುವನ್ನು ಕೂಡುವ ಸ್ಥಳದಲ್ಲಿಯೋ ಇರುತ್ತದೆ. ಇಂಥ ಸಂದರ್ಭಗಳಲ್ಲಿ ಕಣ್ಣು ಒಳಗಿನ ರೋಗದ ಸುದ್ದಿಯನ್ನು ಹೊರಗೆ ತರುವ ದೂತನಂತಿರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ಸೀಮೆಗಳಲ್ಲಿ ಮನೆಮಾಡಿಕೊಂಡಿರುವ ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ, ಈಗ ಇಲ್ಲಿ ಕಲಿಯುತ್ತಿರುವ ಮಕ್ಕಳ ತಾಯಿತಂದೆಗಳಿಗೂ ಈ ವಿಷಯವು ಬಹು ಸಮೀಪದ್ದು. ಹೊಗೆಸೊಪ್ಪಿನ ಹೊಲ, ಔಷಧಿ ಸಿಂಪಡಿಸುವ ಗದ್ದೆ, ಹಾವುಗಳಿರುವ ಕಾಡಿನಂಚು ಇವು ಮೂರೂ ನಮ್ಮಲ್ಲಿವೆ; ಮೂರರಿಂದಲೂ ಬರತಕ್ಕ ಕೆಲವು ಕೇಡುಗಳು ಕಣ್ಣಿನಲ್ಲಿ ಗುರುತು ತೋರುತ್ತವೆ.

ನೋಟದ ಹಾದಿ

ನಾವು ಕಣ್ಣಿನಿಂದ ನೋಡುತ್ತೇವೆಂದು ಹೇಳುವುದು ವಾಡಿಕೆ. ನಿಜವಾಗಿ ನೋಡುವುದು ಮಿದುಳು. ವಸ್ತುವಿನ ಬೆಳಕು ಪಾಪೆಯ ಮೂಲಕ ಒಳಹೊಕ್ಕು ಹಿಂಬದಿಯ ಅಕ್ಷಿಪಟಲದ ಮೇಲೆ ಬೀಳುತ್ತದೆ. ಅಲ್ಲಿಂದ ದೃಷ್ಟಿನರವು ಆ ಸುದ್ದಿಯನ್ನು ಹೊತ್ತು ಹಿಂದಕ್ಕೆ ಸಾಗುತ್ತದೆ. ಒಂದೊಂದು ದೃಷ್ಟಿನರದಲ್ಲಿಯೂ ಸುಮಾರು ೧೦ ಲಕ್ಷ ಸೂಕ್ಷ್ಮ ತಂತುಗಳಿವೆ. ಎರಡು ಕಣ್ಣುಗಳ ನರಗಳು ಮಿದುಳಿನ ಕೆಳಭಾಗದಲ್ಲಿ ಸಂಧಿಸುವಾಗ ಅರ್ಧದಷ್ಟು ತಂತುಗಳು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ದಾಟುತ್ತವೆ. ಕೊನೆಗೆ ಸುದ್ದಿಯು ತಲೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗವನ್ನು ಮುಟ್ಟಿದಾಗಲೇ ನಮಗೆ ಕಂಡಿತೆಂಬ ಅರಿವಾಗುವುದು.

ಚುಂಚನಕಟ್ಟೆಯ ಸುತ್ತಿನ ರೈತರಿಗೆ ಇದನ್ನು ವಿವರಿಸುವುದು ಸುಲಭ. ಕಟ್ಟೆಯಲ್ಲಿ ನೀರು ತುಂಬಿದ್ದರೂ ನಾಲೆ ಒಡೆದಿದ್ದರೆ ಗದ್ದೆಗೆ ನೀರು ಬಾರದು. ನಾಲೆ ನೆಟ್ಟಗಿದ್ದರೂ ಗದ್ದೆಯೇ ಕೊಚ್ಚಿಹೋಗಿದ್ದರೆ ಬೆಳೆಯಿಲ್ಲ. ಹಾಗೆಯೇ ಕಣ್ಣು ನಿರ್ಮಲವಾಗಿದ್ದೂ ಮನುಷ್ಯನು ಕುರುಡನಾಗಬಹುದು. ಇದಲ್ಲದೆ ಕಣ್ಣುಗುಡ್ಡೆಯನ್ನು ತಿರುಗಿಸಲು ಆರು ಸ್ನಾಯುಗಳೂ, ಅವುಗಳನ್ನು ಆಳಲು ಮಿದುಳಿನಿಂದ ಹೊರಟ ಮೂರು ನರಗಳೂ ಇವೆ. ರೆಪ್ಪೆಯೆತ್ತುವುದು, ಪಾಪೆಯನ್ನು ಕಿರಿದುಮಾಡುವುದು ಇವೂ ನರಗಳ ಕೆಲಸವೇ. ೧೮೫೧ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿಯು ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು ಲೋಕಕ್ಕೆ ಕೊಟ್ಟನು. ಅಂದಿನಿಂದ ವೈದ್ಯರು ಜೀವಂತ ಮನುಷ್ಯನ ನರವೊಂದರ ತುದಿಯನ್ನು ಶಸ್ತ್ರವಿಲ್ಲದೆ ಕಣ್ಣಾರೆ ಕಾಣುವಂತಾಯಿತು.

ಹೊಗೆಸೊಪ್ಪು, ಮದ್ಯ, ಆಹಾರ

ನಮ್ಮ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದವು. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜುಕಟ್ಟೆಗಳನ್ನು ಅರಿಯದವರಿಲ್ಲ. ಮಳೆಗಾಲದಲ್ಲಿ ನೆನೆದ ಹಸಿ ಎಲೆಯನ್ನು ಬರಿಗೈಯಿಂದ ಕಿತ್ತು ಹೊರುವವರಿಗೆ ಅದರ ನಿಕೋಟಿನ್ ಎಂಬ ವಿಷವು ಚರ್ಮದ ಮೂಲಕ ಒಳಸೇರುವುದುಂಟು. ತಲೆಸುತ್ತು, ತಲೆನೋವು, ಓಕರಿಕೆ, ವಾಂತಿ, ಬೆವರು ಇವು ಅದರ ಲಕ್ಷಣಗಳು. ಬಿಸಿಲಿನ ಬಾಧೆಯೆಂದೋ, ಹೆಂಗಸರಾದರೆ ಬಸಿರೆಂದೋ ಇದನ್ನು ಕಡೆಗಣಿಸುವುದು ತರವಲ್ಲ. ಕೈಗವಸು, ತುಂಬುತೋಳಿನ ಅಂಗಿ, ಒದ್ದೆ ಬಟ್ಟೆಯನ್ನು ಬೇಗ ಬದಲಾಯಿಸುವುದು, ಸಾಬೂನಿನಿಂದ ತೊಳೆಯುವುದು ಇವೇ ರಕ್ಷೆ.

ದೃಷ್ಟಿನರಕ್ಕೆ ತಗಲುವ ಕೇಡು ಬೇರೆ ಬಗೆಯದು. ಬಹುಕಾಲ ಹೆಚ್ಚಾಗಿ ಹೊಗೆ ಸೇದಿ, ಮದ್ಯವನ್ನೂ ಕುಡಿದು, ಊಟವನ್ನು ಕಡೆಗಣಿಸಿದವರಲ್ಲಿ ಎರಡು ಕಣ್ಣುಗಳೂ ನೋವಿಲ್ಲದೆ ಮೆಲ್ಲಮೆಲ್ಲನೆ ಮಬ್ಬಾಗುವುದುಂಟು. ಮೊದಲು ಕೆಡುವುದು ನಡುನೋಟ ಮತ್ತು ಬಣ್ಣದ ಅರಿವು. ಬದಿಗಳು ಕಾಣುತ್ತಿರುವುದರಿಂದ ಮನುಷ್ಯನು ನಡೆದಾಡುತ್ತಾನೆ. ಆದರೆ ಎದುರಿನವರ ಮುಖ ತಿಳಿಯದು, ಅಕ್ಷರ ಕೂಡದು, ಕೆಂಪು ಮಾಸಲಾಗಿ ತೋರುವುದು. ಅಂಗಡಿ ಅಂಗಡಿಗೆ ಅಲೆದು ಕನ್ನಡಕ ಬದಲಾಯಿಸಿದರೂ ಫಲವಿಲ್ಲ. ನರಕ್ಕೆ ಬೇಕಾದ ಬಿ ವರ್ಗದ ಜೀವಸತ್ತ್ವಗಳ ಕೊರತೆಯು ಇದರಲ್ಲಿ ದೊಡ್ಡ ಪಾಲನ್ನು ಹೊಂದಿದೆ.

ಇದಕ್ಕೆ ದೊಡ್ಡ ದೃಷ್ಟಾಂತವು ಹೊಗೆಸೊಪ್ಪಿನ ಇನ್ನೊಂದು ನಾಡಾದ ಕ್ಯೂಬಾ ದ್ವೀಪದಲ್ಲಿ ದೊರೆಯಿತು. ೧೯೯೨-೯೩ರಲ್ಲಿ ಅಲ್ಲಿ ಆಹಾರದ ಅಭಾವವುಂಟಾದಾಗ ೫೦,೦೦೦ಕ್ಕೂ ಹೆಚ್ಚು ಮಂದಿಗೆ ದೃಷ್ಟಿ ಮಬ್ಬಾಗುವುದು, ಕಾಲು ಜೋಮುಹಿಡಿಯುವುದು ಮೊದಲಾದ ನರರೋಗಗಳು ತಗುಲಿದುವು. ಹೊಗೆ ಸೇದುವವರಲ್ಲಿ ಅಪಾಯ ಹೆಚ್ಚೆಂದು ಕಂಡುಬಂದಿತು. ಸರಕಾರವು ಜನರಿಗೆಲ್ಲ ಜೀವಸತ್ತ್ವದ ಗುಳಿಗೆಗಳನ್ನು ಹಂಚಿತು, ರೋಗ ಇಳಿಯಿತು. ಬೇಗ ಚಿಕಿತ್ಸೆ ಪಡೆದವರು ಬಹುಮಂದಿ ಚೇತರಿಸಿಕೊಂಡರು. ನಮ್ಮ ರಾಗಿಮುದ್ದೆ, ಸೊಪ್ಪಿನ ಸಾರು ಉತ್ತಮ ಆಹಾರವೇ ಆದರೂ ಬಿ-೧೨ ಎಂಬ ಜೀವಸತ್ತ್ವವು ಅವುಗಳಲ್ಲಿಲ್ಲ. ಅದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಮನೆಯವರಿಗೆಲ್ಲ ಬಡಿಸಿ ಉಳಿದುದನ್ನು ಉಣ್ಣುವ ತಾಯಂದಿರು ಈ ಮಾತನ್ನು ತಮ್ಮ ವಿಷಯದಲ್ಲಿಯೂ ನೆನೆಯಬೇಕು.

ಕಳ್ಳಭಟ್ಟಿಯಲ್ಲಿ ಬೆರೆಯಬಹುದಾದ ಮೆಥನಾಲ್ ಎಂಬ ದ್ರವವಂತೂ ಒಂದೆರಡು ದಿನಗಳೊಳಗೆ ದೃಷ್ಟಿನರವನ್ನು ಸುಡಬಲ್ಲುದು. ೧೯೮೧ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ ೩೦೦ಕ್ಕೂ ಹೆಚ್ಚು ಜನ ಸತ್ತರು. ಕುಡಿದ ಮರುದಿನ ಕಣ್ಣಿನ ಮುಂದೆ ಬೆಳ್ಳಗೆ ಮಂಜು ಕವಿದಂತಾದರೆ ಅಮಲು ಇಳಿಯಲೆಂದು ಮಲಗಿಸದೆ ಒಡನೆ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಜೋಲುವ ರೆಪ್ಪೆ

ಹೆಗ್ಗಡದೇವನಕೋಟೆಯ ಕಾಡಿನಂಚಿನವರೂ ಗದ್ದೆಯ ಬಯಲಿನವರೂ ವಿಶೇಷವಾಗಿ ಗಮನಿಸಬೇಕಾದ ಗುರುತೊಂದುಂಟು. ನಾಗರಹಾವು, ಕಟ್ಟುಹಾವುಗಳ ವಿಷವು ನರವು ಸ್ನಾಯುವಿಗೆ ಆಜ್ಞೆ ಕೊಡುವ ಸಂಧಿಯನ್ನೇ ತಡೆಯುತ್ತದೆ. ಕಟ್ಟುಹಾವು ಹೆಚ್ಚಾಗಿ ರಾತ್ರಿವೇಳೆ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತು ಸಹ ಕಾಣದಿರಬಹುದು. ಮಲಗಿದ್ದವರು ಹೊಟ್ಟೆನೋವೆಂದು ಏಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎರಡು ರೆಪ್ಪೆಗಳೂ ಭಾರವಾಗಿ ಜೋಲುತ್ತವೆ, ಒಂದು ದೀಪ ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ನೀರು ನುಂಗಲಾಗದು, ಕಡೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. ನಿದ್ದೆಗಣ್ಣೆಂದು ಮನೆಯವರು ಸುಮ್ಮನಿದ್ದ ಆ ಗಳಿಗೆಯೇ ಪ್ರಾಣದ ಗಳಿಗೆ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತ ಕಾಯುವುದು ಇವೆಲ್ಲ ಹಾನಿಕರ. ಕಚ್ಚಿದ ಅಂಗವನ್ನು ಅಲುಗಿಸದೆ, ರೋಗಿಯನ್ನು ನಡೆಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಉಸಿರು ನಿಂತವರನ್ನೂ ಕೆಲವು ದಿನ ಯಂತ್ರದಿಂದ ಉಸಿರಾಡಿಸಿ ಪೂರ್ಣವಾಗಿ ಉಳಿಸಿದ ನಿದರ್ಶನಗಳುಂಟು. ೨೦೨೪ರಲ್ಲಿ ಕರ್ನಾಟಕ ಸರಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಬೇಕೆಂದು ವಿಧಿಸಿತು.

ಹಾವಿನ ಸಂಬಂಧವಿಲ್ಲದೆಯೂ ರೆಪ್ಪೆ ಜೋಲುವ ರೋಗವೊಂದಿದೆ. ಬೆಳಗ್ಗೆ ನೆಟ್ಟಗಿದ್ದ ಕಣ್ಣು ಸಂಜೆಗೆ ಮುಚ್ಚಿಬರುತ್ತದೆ. ವಿಶ್ರಾಂತಿಯಿಂದ ಮತ್ತೆ ತೆರೆಯುತ್ತದೆ. ತರುಣಿಯರಲ್ಲಿ ಇದು ಕಾಣಿಸಿಕೊಂಡಾಗ ಸೋಮಾರಿತನವೆಂದು ಬೈಯುವವರೂ ಉಂಟು. ಇದರ ಹೆಸರು ಮಯಸ್ತೇನಿಯಾ. ೧೯೩೪ರಲ್ಲಿ ಮೇರಿ ವಾಕರ್ ಎಂಬ ಸ್ಕಾಟ್ಲೆಂಡಿನ ವೈದ್ಯೆಯು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸಮಾಡುತ್ತಿದ್ದಾಗ, ಈ ರೋಗವು ಕ್ಯುರಾರೆ ಎಂಬ ಬಾಣವಿಷದ ಪರಿಣಾಮವನ್ನು ಹೋಲುವುದನ್ನು ಗಮನಿಸಿ, ಆ ವಿಷಕ್ಕೆ ಎದುರಾದ ಮದ್ದನ್ನು ರೋಗಿಗೆ ಕೊಟ್ಟಳು. ಜೋಲಿದ ರೆಪ್ಪೆ ಮೇಲೆದ್ದಿತು. ಆ ವರ್ಗದ ಔಷಧಿಯೇ ಇಂದು ನಾಗರಹಾವು ಕಚ್ಚಿದವರಿಗೂ ಪ್ರತಿವಿಷದ ಜೊತೆಯಲ್ಲಿ ನೆರವಾಗುತ್ತಿದೆ. ನಮ್ಮ ಹುಡುಗಿಯರು ಈ ಮಹಿಳೆಯ ಹೆಸರನ್ನು ನೆನಪಿನಲ್ಲಿಡಲಿ.

ಪಾಪೆಯ ಗುರುತು

ಬೆಳೆಗೆ ಸಿಂಪಡಿಸುವ ಕೆಲವು ಕೀಟನಾಶಕಗಳು ಇದೇ ಸಂಧಿಯನ್ನು ಇನ್ನೊಂದು ರೀತಿಯಲ್ಲಿ ಕೆಡಿಸುತ್ತವೆ. ಪಾಪೆಯು ಸೂಜಿಯ ಮೊನೆಯಷ್ಟು ಕಿರಿದಾಗುತ್ತದೆ, ಕಣ್ಣೀರು, ಜೊಲ್ಲು, ಬೆವರು ಸುರಿಯುತ್ತವೆ, ನೋಟ ಮಸುಕಾಗುತ್ತದೆ, ಎದೆ ಕಟ್ಟುತ್ತದೆ. ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು, ಔಷಧಿಯ ಡಬ್ಬವನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ವಿಷವು ಯಾವ ಕಾರಣದಿಂದ ಒಳಗೆ ಹೋಗಿದ್ದರೂ ಮಾನಕ್ಕಂಜಿ ಮರೆಮಾಚಬಾರದು, ಇದಕ್ಕೆ ಮದ್ದುಂಟು. ಇನ್ನು, ಒಂದೇ ಕಣ್ಣಿನ ಪಾಪೆ ದೊಡ್ಡದಾಗಿ, ರೆಪ್ಪೆ ಜೋತು, ಹಿಂದೆಂದೂ ಇಲ್ಲದ ತಲೆನೋವು ಬಂದರೆ ಮಿದುಳಿನ ರಕ್ತನಾಳವು ಉಬ್ಬಿ ಒಡೆಯುವ ಸೂಚನೆಯಾಗಿರಬಹುದು. ಅದಕ್ಕೂ ತಡಮಾಡಬಾರದು.

ಮಿದುಳಿನಿಂದ ಬರುವ ಸುದ್ದಿ

ಮಿದುಳಿನ ಹಿಂಭಾಗಕ್ಕೆ ರಕ್ತ ನಿಂತರೆ ಎರಡು ಕಣ್ಣುಗಳಲ್ಲಿಯೂ ಒಂದೇ ಬದಿಯ ನೋಟ ಹೋಗುತ್ತದೆ. ಅಜ್ಜನವರು ಇದ್ದಕ್ಕಿದ್ದಂತೆ ಒಂದೇ ಪಕ್ಕದ ಬಾಗಿಲು ತಾಗುತ್ತಿದ್ದರೆ, ಎಲೆಯ ಒಂದು ಅರ್ಧದ ಅನ್ನವನ್ನು ಮಾತ್ರ ಉಣ್ಣುತ್ತಿದ್ದರೆ, ಅದು ವೃದ್ಧಾಪ್ಯದ ಮರೆವೆಂದು ತಿಳಿಯಬಾರದು. ತಲೆಯೊಳಗಿನ ಒತ್ತಡ ಏರಿದಾಗ ಬೆಳಗಿನ ತಲೆನೋವು, ವಾಂತಿ, ಬಗ್ಗಿದಾಗ ಗಳಿಗೆಹೊತ್ತು ಕಣ್ಣು ಕತ್ತಲಾಗುವುದು ಇವು ಕಾಣುತ್ತವೆ. ಆಗ ವೈದ್ಯರಿಗೆ ದೃಷ್ಟಿನರದ ತುದಿ ಊದಿರುವುದು ತೋರುತ್ತದೆ. ಯುವತಿಯರಲ್ಲಿ ಕಣ್ಣು ಹೊರಳಿಸಿದಾಗ ನೋವಾಗಿ ಕೆಲವೇ ದಿನಗಳಲ್ಲಿ ಒಂದು ಕಣ್ಣು ಮಬ್ಬಾದರೆ ಅದು ದೃಷ್ಟಿನರದ ಉರಿಯೂತವಿರಬಹುದು. ಸಕ್ಕರೆರೋಗವಿರುವವರಿಗೆ ಒಂದು ವಸ್ತು ಎರಡಾಗಿ ಕಾಣುವುದೂ ನರದ ದೋಷದಿಂದಲೇ.

ಕ್ಷಯರೋಗಕ್ಕೆ ಕೊಡುವ ಮದ್ದುಗಳಲ್ಲಿ ಎಥಾಂಬ್ಯುಟಾಲ್ ಎಂಬುದೊಂದು. ಬಹುಮಂದಿಗೆ ಅದು ನಿರಪಾಯಕರ. ಎಲ್ಲೋ ಕೆಲವರಲ್ಲಿ ದೃಷ್ಟಿನರಕ್ಕೆ ತಾಗುತ್ತದೆ. ಕೆಂಪು ಹಸುರುಗಳ ಭೇದ ಮಸುಕಾದರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಆದರೆ ಉಳಿದ ಮದ್ದುಗಳನ್ನು ತಾವಾಗಿಯೇ ನಿಲ್ಲಿಸಕೂಡದು.

ಮಕ್ಕಳ ಮೆಳ್ಳೆಗಣ್ಣು

ಮೆಳ್ಳೆಗಣ್ಣು ಅದೃಷ್ಟದ ಕುರುಹೆಂದು ನಂಬಿದವರು ಇನ್ನೂ ಇದ್ದಾರೆ. ಹುಟ್ಟಿದ ಮಗುವಿನ ಮಿದುಳು ನೋಡಲು ಕಲಿಯಬೇಕಾಗಿದೆ. ಎರಡು ಕಣ್ಣುಗಳು ಎರಡು ಕಡೆ ನೋಡಿದರೆ ಮಿದುಳು ಒಂದರ ಸುದ್ದಿಯನ್ನು ತಳ್ಳಿಹಾಕಿ ಆ ಕಣ್ಣನ್ನು ಮರೆತೇಬಿಡುತ್ತದೆ. ತಕ್ಕ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಟ್ಟು, ಸೋತ ಕಣ್ಣಿಗೆ ಕೆಲಸ ಕೊಟ್ಟರೆ ನೋಟ ಮರಳುವುದು. ೭-೮ ವಯಸ್ಸಿನೊಳಗೆ ಈ ಚಿಕಿತ್ಸೆಗೆ ಫಲ ಹೆಚ್ಚು. ಮದುವೆಯ ವಯಸ್ಸಿಗೆ ಬಂದ ಮೇಲೆ ಕಣ್ಣನ್ನು ನೇರಮಾಡಿಸಬಹುದೇ ಹೊರತು ಕಳೆದ ದೃಷ್ಟಿಯನ್ನು ತರುವುದು ಕಷ್ಟ. ಹೆಣ್ಣುಮಕ್ಕಳಿಗೆ ಕನ್ನಡಕ ಹಾಕಿಸಿದರೆ ಗಂಡು ಸಿಕ್ಕುವುದಿಲ್ಲವೆಂಬ ಅಂಜಿಕೆಯಿಂದ ತಡಮಾಡುವ ತಂದೆತಾಯಿಗಳು ಇದನ್ನು ಚೆನ್ನಾಗಿ ಆಲೋಚಿಸಲಿ.

ಮನೆಯಲ್ಲಿ ಮಾಡತಕ್ಕ ಪರೀಕ್ಷೆ

ಎರಡು ಕಣ್ಣುಗಳಿಂದ ನೋಡುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಆದಕಾರಣ ತಿಂಗಳಿಗೊಮ್ಮೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಪಂಚಾಂಗದ ಅಂಕಿಗಳನ್ನು ಓದಿಸಬೇಕು. ಅನಂತರ ಮತ್ತೊಂದು ಕಣ್ಣು. ಕೆಂಪು ದಾಸವಾಳವೊಂದನ್ನು ಹಿಡಿದು, ಎರಡು ಕಣ್ಣಿಗೂ ಬಣ್ಣ ಒಂದೇ ಆಗಿದೆಯೇ ಎಂದು ಕೇಳಬೇಕು. ಒಂದಕ್ಕೆ ಕೆಂಪಾಗಿ, ಒಂದಕ್ಕೆ ಮಾಸಲಾಗಿ ಕಂಡರೆ ಕನ್ನಡಕದಂಗಡಿಗೆ ಹೋಗುವ ಮೊದಲು ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು. ಇದ್ದಕ್ಕಿದ್ದಂತೆ ನೋಟ ಹೋಗುವುದು, ಒಂದು ಎರಡಾಗುವುದು, ರೆಪ್ಪೆ ಜೋಲುವುದು, ಪಾಪೆಗಳು ಹೊಸದಾಗಿ ಅಸಮವಾಗುವುದು ಈ ನಾಲ್ಕರಲ್ಲಿ ಒಂದು ಕಂಡರೂ ಮರುದಿನಕ್ಕೆ ಇಡದೆ ೧೦೮ಕ್ಕೆ ಕರೆಮಾಡಿ ವಾಹನ ತರಿಸಬೇಕು.

ಸಹಾಯವು ದೂರವಿಲ್ಲ. ತಾಲ್ಲೂಕು ಆಸ್ಪತ್ರೆಗಳಿವೆ; ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಿದೆ; ಮೈಸೂರಿನಲ್ಲಿ ಕೃಷ್ಣರಾಜೇಂದ್ರ ಆಸ್ಪತ್ರೆಯಿದೆ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯೂ, ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ಹೆಸರಿನಿಂದ ಒಂದಾದ ಮಿದುಳು ನರಗಳ ಸಂಸ್ಥೆಯೂ ಕಠಿಣ ಪ್ರಕರಣಗಳನ್ನು ನೋಡುತ್ತವೆ. ಸ್ತ್ರೀಯರು ಪುರುಷ ವೈದ್ಯರ ಬಳಿ ಹೋಗಲು ನಾಚುತ್ತಿದ್ದ ಕಾಲದಲ್ಲಿ, ೧೯೦೬ರಲ್ಲಿ, ಮಿಶನ್ನಿನವರು ಮೈಸೂರಿನಲ್ಲಿ ಸ್ತ್ರೀಯರಿಗಾಗಿಯೂ ಮಕ್ಕಳಿಗಾಗಿಯೂ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ತೆರೆದರು. ಹೆಂಗಸಿನ ನೋವೂ ನೋವೇ ಎಂಬ ಆ ಭಾವನೆಯಿಂದಲೇ ನಮ್ಮ ಹುಡುಗಿಯರ ಪಾಠಶಾಲೆಗಳೂ ಹುಟ್ಟಿದುವು.

ಕಣ್ಣನ್ನು ದೀಪಕ್ಕೆ ಹೋಲಿಸುವುದು ಸತ್ಯವೇದದಲ್ಲಿಯೂ ನಮ್ಮ ನಾಡಿನ ಮಾತಿನಲ್ಲಿಯೂ ಉಂಟು. ದೀಪ ಮಂಕಾದಾಗ ಬತ್ತಿಯನ್ನು ಮಾತ್ರ ನೋಡಿದರೆ ಸಾಲದು, ಎಣ್ಣೆಯನ್ನೂ ನೋಡಬೇಕು. ಇಲ್ಲಿ ಓದಿ ಮನೆಗಳನ್ನು ಸೇರಿರುವ ಸಹೋದರಿಯರು ಈ ಗುರುತುಗಳನ್ನು ತಮ್ಮ ಅತ್ತೆಯವರಿಗೂ, ನೆರೆಯವರಿಗೂ, ಹೊಲದ ಕೂಲಿಯ ಹೆಂಗಸರಿಗೂ ತಿಳಿಸಿದರೆ, ಅವರು ಕಲಿತ ವಿದ್ಯೆಯು ಇತರರ ಕಣ್ಣಿಗೂ ಬೆಳಕಾಗುವುದು.